ಕೆರೆ ಬತ್ತುವಾಗ ಬರುವ ಅತಿಥಿಗಳು: ಉಜನಿ ಹಿನ್ನೀರಿನ ದಂಡೆ ಹಕ್ಕಿಗಳು ಮತ್ತು ಕಡಲಕ್ಕಿಗಳು

ಕೆರೆ ತುಂಬಿದರೆ ಊರಿಗೆ ಹಬ್ಬ. ಬಾಗಿನ ಬಿಡುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಕೆರೆ ಬತ್ತತೊಡಗಿದರೆ ಅತ್ತ ಹೊರಳಿ ನೋಡುವವರೂ ಇರುವುದಿಲ್ಲ. ಆದರೆ ಹಕ್ಕಿಗಳ ಲೆಕ್ಕ ಬೇರೆ. ಸೈಬೀರಿಯಾ, ಟಿಬೆಟ್, ಲಡಾಖ್‌ಗಳಿಂದ ಬರುವ ಹಲವು ಹಕ್ಕಿಗಳಿಗೆ ತುಂಬಿದ ಕೆರೆ ಉಪಯೋಗಕ್ಕೆ ಬಾರದು. ಅವುಗಳಿಗೆ ಬೇಕಾದದ್ದು ನೀರು ಇಳಿದ ಮೇಲೆ ಉಳಿಯುವ ರಾಡಿ, ಪಾದ ಮುಳುಗುವಷ್ಟು ನೀರು ನಿಂತ ದಂಡೆ. ನಾವು 'ಹಾಳು ಬಿತ್ತು' ಎನ್ನುವ ಜಾಗದಲ್ಲೇ ಅವುಗಳ ಪಂಕ್ತಿ ಕೂರುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡಿಗರಿಗೆ ಇದನ್ನು ಕಣ್ಣಾರೆ ಕಾಣಲು ದೂರದ ಊರೇನೂ ಬೇಕಿಲ್ಲ. ಭೀಮಾ ನದಿಯ ಉಜನಿ ಹಿನ್ನೀರಿಗೆ ಹೋದರೆ ಸಾಕು. ಅಷ್ಟೂ ಆಗದಿದ್ದರೆ ತಮ್ಮ ಊರಿನ ಕೆರೆಯ ದಂಡೆಗೆ ಜನವರಿಯಿಂದ ಏಪ್ರಿಲ್ ಒಳಗೆ ಒಂದು ಬೆಳಗ್ಗೆ ಹೋಗಿ ನಿಂತರೂ ಆದೀತು.

ಉಜನಿ: ಸೊನ್ನೆಗಿಂತ ಕೆಳಗಿನ ಲೆಕ್ಕ

ಉಜನಿ ಅಣೆಕಟ್ಟು ಸೊಲ್ಲಾಪುರ ಜಿಲ್ಲೆಯ ಮಾಢಾ ತಾಲೂಕಿನಲ್ಲಿದೆ. 1980ರಲ್ಲಿ ಪೂರ್ಣಗೊಂಡ ಈ ಜಲಾಶಯಕ್ಕೆ 'ಯಶವಂತ ಸಾಗರ' ಎಂಬ ಹೆಸರೂ ಇದೆ. ಹಿನ್ನೀರು ಸೊಲ್ಲಾಪುರ ಜಿಲ್ಲೆಯ ಕರಮಾಳಾ, ಪುಣೆ ಜಿಲ್ಲೆಯ ಇಂದಾಪುರ ಮತ್ತು ದೌಂಡ್, ಅಹಿಲ್ಯಾನಗರ (ಹಳೆಯ ಅಹ್ಮದನಗರ) ಜಿಲ್ಲೆಯ ಕರ್ಜತ್ ತಾಲೂಕುಗಳವರೆಗೆ ಹರಡಿದೆ. ಇಲ್ಲಿಂದ ಬಿಟ್ಟ ನೀರು ಪಂಢರಪುರ ದಾಟಿ, ಸೊಲ್ಲಾಪುರ ನಗರಕ್ಕೆ ನೀರು ಎತ್ತುವ ಟಾಕಳಿ ಬಂಧಾರ, ಅಕ್ಕಲಕೋಟೆ ತಾಲೂಕಿನ ಹಿಳ್ಳಿ ಬಂಧಾರಗಳ ಮೂಲಕ ಕರ್ನಾಟಕದ ಗಡಿಗೆ ಬರುತ್ತದೆ. ಹೀಗಾಗಿ ಉಜನಿಯಲ್ಲಿ ಎಷ್ಟು ನೀರಿದೆ ಎಂಬುದು ನದಿಯ ಎರಡೂ ದಂಡೆಯ ಹಳ್ಳಿಗರಿಗೆ ದಿನದ ಸುದ್ದಿ.

ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ 'ಉಜನಿ ಮೈನಸ್ 30' ಎಂದು ಓದಿ ಅನೇಕರು ತಬ್ಬಿಬ್ಬಾಗುತ್ತಾರೆ. ಸೊನ್ನೆಗಿಂತ ಕಡಿಮೆ ನೀರು ಇರುವುದು ಹೇಗೆ? ಲೆಕ್ಕ ಹೀಗಿದೆ. ಜಲಾಶಯದ ಒಟ್ಟು ಸಂಗ್ರಹ ಸುಮಾರು 117 ಟಿಎಂಸಿ. ಇದರಲ್ಲಿ 63.65 ಟಿಎಂಸಿ 'ಮೃತ ಸಂಗ್ರಹ', ಉಳಿದ 53.57 ಟಿಎಂಸಿ ಉಪಯುಕ್ತ ಸಂಗ್ರಹ. ಶೇಕಡಾ ಲೆಕ್ಕ ಹಾಕುವುದು ಉಪಯುಕ್ತ ಸಂಗ್ರಹದ ಮೇಲೆ ಮಾತ್ರ. ಅದು ಪೂರ್ತಿ ಖಾಲಿಯಾದರೆ ಸೊನ್ನೆ. ಅದಕ್ಕೂ ಕೆಳಗಿಳಿದರೆ ಮೈನಸ್. ಮೈನಸ್ 30 ಎಂದರೆ ಮೃತ ಸಂಗ್ರಹದಿಂದ ಸುಮಾರು 16 ಟಿಎಂಸಿ ಹೋಗಿದೆ, ಇನ್ನೂ 47 ಟಿಎಂಸಿಗೂ ಹೆಚ್ಚು ಉಳಿದಿದೆ ಎಂದರ್ಥ. 2024ರ ಬೇಸಿಗೆಯಲ್ಲಿ ಮಟ್ಟ ಮೈನಸ್ 50ಕ್ಕಿಂತಲೂ ಕೆಳಗೆ ಹೋಗಿತ್ತು. ಅಂಥ ವರ್ಷಗಳಲ್ಲಿ ಇಂದಾಪುರ ತಾಲೂಕಿನ ಪಳಸದೇವದಲ್ಲಿ ಮುಳುಗಿರುವ ಹಳೆಯ ಪಳಸನಾಥ ದೇವಸ್ಥಾನ ಪೂರ್ತಿ ಹೊರಗೆ ಕಾಣಿಸಿಕೊಳ್ಳುತ್ತದೆ.

ಹಕ್ಕಿಗಳಿಗೆ ಈ ಇಳಿಕೆಯೇ ಮುಖ್ಯ. ಜಲಾಶಯದ ಬಾಲದ ಕಡೆ, ಅಂದರೆ ಭಿಗವಣ, ಕುಂಭಾರಗಾವ, ಡಿಕ್ಸಳ ಸುತ್ತಮುತ್ತ ನೆಲದ ಇಳಿಜಾರು ತೀರ ಕಡಿಮೆ. ನೀರು ಸ್ವಲ್ಪ ಇಳಿದರೂ ಅಗಲವಾದ ಕೆಸರಿನ ಪಟ್ಟಿ ತೆರೆದುಕೊಳ್ಳುತ್ತದೆ. ಹಕ್ಕಿ ನೋಡುವವರ ನಕ್ಷೆಯಲ್ಲಿ ಭಿಗವಣಕ್ಕೆ ದೊಡ್ಡ ಹೆಸರು ಬಂದದ್ದು ಇದರಿಂದಲೇ.

ಕೆಸರಿನಲ್ಲಿ ಇರುವುದೇನು?

ಮೇಲಿನಿಂದ ನೋಡಿದರೆ ಬರಿ ರಾಡಿ. ಒಂದು ಹಿಡಿ ತೆಗೆದು ತೊಳೆದು ನೋಡಿದರೆ ತೆಳ್ಳಗಿನ ಕೆಂಪು ಹುಳುಗಳು, ಸಣ್ಣ ಬಸವನಹುಳುಗಳು, ಕಣ್ಣಿಗೆ ಕಂಡೂ ಕಾಣದ ಸಿಗಡಿ ಜಾತಿಯ ಜೀವಿಗಳು ಸಿಗುತ್ತವೆ. ಕೆಂಪು ಹುಳು ಎಂದರೆ ಸಂಜೆ ದೀಪಕ್ಕೆ ಮುತ್ತುವ, ಕಚ್ಚದ ಒಂದು ಬಗೆಯ ನೊಣದ ಮರಿ. ಹುಳು ಮೆತ್ತನೆಯ ಹಸಿ ಕೆಸರಿನಲ್ಲಿ ಮಾತ್ರ ಬದುಕುತ್ತದೆ. ನೀರು ಆಳವಾಗಿದ್ದರೆ ಹಕ್ಕಿಯ ಕೊಕ್ಕಿಗೆ ಅದು ಎಟುಕದು. ಕೆಸರು ಒಣಗಿ ಬಿರುಕು ಬಿಟ್ಟರೆ ಹುಳು ಸಾಯುತ್ತದೆ ಇಲ್ಲವೇ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಊಟ ಸಿಗುವುದು ನೀರಿನ ಅಂಚಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ. ನೀರು ಹಿಂದೆ ಸರಿದಂತೆ ಆ ಪಟ್ಟಿಯೂ ಸರಿಯುತ್ತದೆ. ಹಕ್ಕಿಗೆ ದಿನವೂ ಹೊಸ ತಾಟು ಬಡಿಸಿದ ಹಾಗೆ.

ಇಲ್ಲಿ ಇಳಿಜಾರಿನ ಲೆಕ್ಕ ತಿಳಿದುಕೊಳ್ಳಬೇಕು. ನೂರು ಮೀಟರ್ ನಡೆದರೆ ಒಂದು ಮೀಟರ್ ಇಳಿಯುವ ದಂಡೆ ಇದೆ ಎನ್ನೋಣ. ಅಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದರೆ ಒಂದು ಮೀಟರ್ ಅಗಲದ ಹೊಸ ಕೆಸರು ಹೊರಬೀಳುತ್ತದೆ. ಐದು ಸೆಂಟಿಮೀಟರಿಗಿಂತ ಕಡಿಮೆ ಆಳದ ನೀರು ಐದು ಮೀಟರ್ ಅಗಲಕ್ಕೆ ಹರಡಿರುತ್ತದೆ. ಅದೇ ಜೆಸಿಬಿಯಿಂದ ಕಡಿದಾಗಿ ತೋಡಿದ ಗುಂಡಿಯ ಬದಿ ಎರಡು ಮೀಟರಿಗೆ ಒಂದು ಮೀಟರ್ ಇಳಿಯುತ್ತಿದ್ದರೆ, ಒಂದು ಸೆಂಟಿಮೀಟರ್ ನೀರು ಇಳಿದಾಗ ಎರಡೇ ಸೆಂಟಿಮೀಟರ್ ಕೆಸರು ತೆರೆಯುತ್ತದೆ. ಐದು ಸೆಂಟಿಮೀಟರ್ ಆಳದ ನೀರಿನ ಪಟ್ಟಿ ಒಂದು ಗೇಣೂ ಇರುವುದಿಲ್ಲ. ನೀರು ಎರಡೂ ಕಡೆ ಅಷ್ಟೇ ಇರಬಹುದು. ಆದರೆ ಒಂದು ಕಡೆ ನೂರಾರು ಹಕ್ಕಿ, ಇನ್ನೊಂದು ಕಡೆ ಒಂದೂ ಇಲ್ಲ. ಕೆರೆ ಬತ್ತುವುದಕ್ಕಿಂತ ಅದರ ದಂಡೆಯ ಆಕಾರ ಕೆಡುವುದೇ ಈ ಹಕ್ಕಿಗಳಿಗೆ ದೊಡ್ಡ ಪೆಟ್ಟು.

ಕೊಕ್ಕು ನೋಡಿ ಕುಲ ಹೇಳಿ

ಮೊದಲ ಸಲ ನೋಡುವವರಿಗೆ ದಂಡೆಯ ಹಕ್ಕಿಗಳೆಲ್ಲ ಒಂದೇ ಬೂದು ಬಣ್ಣದವಾಗಿ ಕಾಣುತ್ತವೆ. ಬಣ್ಣ ಬಿಟ್ಟು ಕಾಲು, ಕೊಕ್ಕು ಮತ್ತು ಮೇಯುವ ರೀತಿ ನೋಡಿದರೆ ಗುರುತು ಸುಲಭ. ಗಡಿಭಾಗದವರಿಗೆ ಮರಾಠಿ ಹೆಸರುಗಳೂ ನೆರವಿಗೆ ಬರುತ್ತವೆ. ಸೊಲ್ಲಾಪುರದಲ್ಲಿ 1932ರಲ್ಲಿ ಹುಟ್ಟಿ, 2025ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ತೀರಿಕೊಂಡ ಅರಣ್ಯಾಧಿಕಾರಿ, ಲೇಖಕ ಮಾರುತಿ ಚಿತಮಪಲ್ಲಿ ಅವರ 'ಪಕ್ಷಿಕೋಶ' ಹಕ್ಕಿಗಳ ಮರಾಠಿ ಹೆಸರುಗಳನ್ನು ಒಂದೆಡೆ ತಂದ ಪುಸ್ತಕ.

ಮೆಟ್ಟುಗಾಲು ಹಕ್ಕಿ (ಮರಾಠಿಯಲ್ಲಿ ಶೇಕಾಟ್ಯಾ): ಕಪ್ಪು ಬಿಳಿ ಮೈ, ಕೋಲಿನಂಥ ಉದ್ದನೆಯ ಗುಲಾಬಿ ಕೆಂಪು ಕಾಲು. ಮೊಳಕಾಲುದ್ದ ನೀರಿನಲ್ಲಿ ನಿಂತು ಹೆಕ್ಕುತ್ತದೆ. ಮರೆಯಲಾಗದ ಹಕ್ಕಿ, ಕಲಿಕೆ ಇದರಿಂದಲೇ ಶುರುವಾಗಲಿ.

ಸಣ್ಣ ಉಂಗುರ ಪ್ಲೋವರ್ (ಚಿಖಲ್ಯಾ): ಗುಬ್ಬಿಗಿಂತ ಸ್ವಲ್ಪ ದೊಡ್ಡದು. ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ಓಡುತ್ತದೆ, ನಿಲ್ಲುತ್ತದೆ, ಹೆಕ್ಕುತ್ತದೆ, ಮತ್ತೆ ಓಡುತ್ತದೆ. ಕಣ್ಣಿನಿಂದ ನೋಡಿ ಹಿಡಿಯುವ ಜಾತಿ ಇದು. ಕಣ್ಣಿನ ಸುತ್ತ ಹಳದಿ ಉಂಗುರ, ಎದೆಗೆ ಪೂರ್ತಿ ಕಪ್ಪು ಪಟ್ಟಿ. ಇದರ ಬಂಧು ಕೆಂಟಿಷ್ ಪ್ಲೋವರಿಗೆ ಎದೆಯ ಪಟ್ಟಿ ನಡುವೆ ತುಂಡಾಗಿರುತ್ತದೆ, ಕಾಲು ಕಪ್ಪು.

ಸಣ್ಣ ಸ್ಟಿಂಟ್ (ಟಿಲವಾ): ದಂಡೆಯಲ್ಲಿ ಎಲ್ಲಕ್ಕಿಂತ ಚಿಕ್ಕದು. ತೂಕ 20ರಿಂದ 30 ಗ್ರಾಂ. ಹೊಲಿಗೆ ಯಂತ್ರದ ಸೂಜಿಯ ಹಾಗೆ ತಲೆ ಮೇಲೆ ಕೆಳಗೆ ಆಡಿಸುತ್ತ ಗುಂಪಾಗಿ ಮೇಯುತ್ತದೆ. ಮರಿ ಮಾಡುವುದು ಉತ್ತರ ಧ್ರುವದ ಸಮೀಪದ ಹಿಮನಾಡಿನಲ್ಲಿ. ಸೊಲ್ಲಾಪುರಕ್ಕೆ ಬರಲು ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಬೇಕು.

ಗದ್ದೆಗೊರವಗಳು (ತುತಾರಿ): ಬೆನ್ನ ಮೇಲೆ ಬಿಳಿ ಚುಕ್ಕೆ, ಹಳದಿ ಛಾಯೆಯ ಕಾಲು, ಕಣ್ಣ ಮೇಲೆ ಬಿಳಿ ಹುಬ್ಬು ಇದ್ದರೆ ಅದು ಅಡವಿ ಗದ್ದೆಗೊರವ. ಬಾಲವನ್ನು ಸದಾ ಕುಣಿಸುತ್ತ, ಹೆಗಲ ಬಳಿ ಬಿಳಿ ಬೆಣೆಯಂಥ ಗುರುತು ಇರುವುದು ಸಾಮಾನ್ಯ ಗದ್ದೆಗೊರವ. ಎರಡನೆಯದು ಊರ ಹಳ್ಳದ ಬದಿಯಲ್ಲಿ ಒಂಟಿಯಾಗಿಯೂ ಸಿಗುತ್ತದೆ.

ಕರಿಬಾಲದ ಗಾಡ್‌ವಿಟ್ (ಪಾಣಟಿವಳಾ): ಕೋಳಿಯಷ್ಟು ಎತ್ತರ, ನೇರವಾದ ಉದ್ದ ಕೊಕ್ಕು. ಕೊಕ್ಕಿನ ಬುಡ ಗುಲಾಬಿ. ಕೆಸರಿನೊಳಗೆ ಬುಡದವರೆಗೂ ಚುಚ್ಚಿ, ಕಣ್ಣಿಗೆ ಕಾಣದ ಹುಳುವನ್ನು ಸ್ಪರ್ಶದಿಂದ ಹಿಡಿಯುತ್ತದೆ. ಹಾರಿದಾಗ ರೆಕ್ಕೆಯ ಬಿಳಿ ಪಟ್ಟಿ, ಬಾಲದ ಕಪ್ಪು ತುದಿ ಎದ್ದು ಕಾಣುತ್ತವೆ.

ಉಚಾಟ್ಯಾ ಎಂದು ಮರಾಠಿಯಲ್ಲಿ ಕರೆಯುವ ಅವೊಸೆಟ್: ಕಪ್ಪು ಬಿಳಿ ಹಕ್ಕಿ, ಕೊಕ್ಕು ಮೇಲಕ್ಕೆ ಬಾಗಿದೆ. ಕುಡುಗೋಲು ಬೀಸಿದಂತೆ ನೀರಿನಲ್ಲಿ ಎಡಕ್ಕೆ ಬಲಕ್ಕೆ ಬೀಸುತ್ತದೆ.

ಗಿಡ್ಡ ಕೊಕ್ಕಿನವು ಒಣ ಕಡೆಗೆ, ಉದ್ದ ಕಾಲಿನವು ಆಳದ ಕಡೆಗೆ, ಮಧ್ಯಮದವು ನಡುವೆ. ಒಂದೇ ದಂಡೆಯಲ್ಲಿ ಹತ್ತು ಜಾತಿ ಜಗಳವಿಲ್ಲದೆ ಉಣ್ಣುವ ಗುಟ್ಟು ಇದೇ. ಇನ್ನೂ ಆಳದಲ್ಲಿ ರಾಜಹಂಸಗಳು ಕೊಕ್ಕನ್ನು ತಲೆಕೆಳಗು ಮಾಡಿ ನೀರು ಸೋಸುತ್ತ ನಡೆಯುತ್ತವೆ. ಭಿಗವಣಕ್ಕೆ ಬರುವ ಪ್ರವಾಸಿಗರು ಬಹಳ ಮಟ್ಟಿಗೆ ಇವನ್ನು ನೋಡಲೆಂದೇ ಬರುವುದು.

ಕಡಲಿಲ್ಲದ ಊರಿನ ಕಡಲಕ್ಕಿ

ಸಮುದ್ರದಿಂದ ಇಷ್ಟು ದೂರದಲ್ಲಿ ಕಡಲಕ್ಕಿ ಏಕೆ ಎಂದು ಆಶ್ಚರ್ಯಪಡುವವರಿದ್ದಾರೆ. ಹೆಸರು ಕಡಲಕ್ಕಿಯಾದರೂ ಇದಕ್ಕೆ ಬೇಕಾದದ್ದು ವಿಶಾಲವಾದ ನೀರು ಮತ್ತು ಮೀನು. ಬೇಸಿಗೆಯಲ್ಲಿ ನೀರು ಕುಗ್ಗಿದಾಗ ಮೀನು ಸಣ್ಣ ಮಡುಗಳಲ್ಲಿ ಒತ್ತೊತ್ತಾಗಿ ಸಿಕ್ಕಿಬೀಳುತ್ತದೆ. ಮೀನುಗಾರರ ದೋಣಿಯ ಹಿಂದೆಯೂ ಚೂರುಪಾರು ಸಿಗುತ್ತದೆ. ಮರಾಠಿಯಲ್ಲಿ ಇದಕ್ಕೆ 'ಕುರವ' ಎನ್ನುತ್ತಾರೆ.

ಉಜನಿಯಲ್ಲಿ ಹೆಚ್ಚಾಗಿ ಕಾಣುವುದು ಕಂದು ತಲೆಯ ಕಡಲಕ್ಕಿ. ಹೆಸರು ಕೇಳಿ ಕಂದು ತಲೆ ಹುಡುಕಿದರೆ ಚಳಿಗಾಲದಲ್ಲಿ ನಿರಾಶೆಯೇ ಗತಿ. ಆಗ ತಲೆ ಬಿಳಿ, ಕಿವಿಯ ಹತ್ತಿರ ಒಂದು ಮಸಿ ಚುಕ್ಕೆ ಮಾತ್ರ. ಮಾರ್ಚ್ ಹೊತ್ತಿಗೆ, ಹೊರಡುವ ಮುನ್ನ, ಕಂದು ಟೊಪ್ಪಿಗೆ ಬರುತ್ತದೆ. ಮರಿ ಮಾಡುವುದು ಟಿಬೆಟ್, ಲಡಾಖ್ ಮುಂತಾದ ಎತ್ತರದ ಸರೋವರಗಳಲ್ಲಿ. ಇದರ ಜೊತೆ ಬೆರೆಯುವ ಕರಿತಲೆಯ ಕಡಲಕ್ಕಿ ಸ್ವಲ್ಪ ಚಿಕ್ಕದು. ಎರಡನ್ನೂ ಬೇರೆ ಮಾಡಲು ಹಾರುವಾಗ ರೆಕ್ಕೆಯ ತುದಿ ನೋಡಬೇಕು. ಕಪ್ಪು ತುದಿಯೊಳಗೆ ಕನ್ನಡಿ ಬಿಲ್ಲೆಯಂಥ ಬಿಳಿ ಚುಕ್ಕೆ ಇದ್ದರೆ ಕಂದು ತಲೆಯದು. ರೆಕ್ಕೆಯ ಮುಂಭಾಗ ಉದ್ದಕ್ಕೆ ಬಿಳಿ ಇದ್ದು, ತುದಿಯಲ್ಲಿ ತೆಳ್ಳನೆ ಕಪ್ಪು ಅಂಚಷ್ಟೇ ಇದ್ದರೆ ಕರಿತಲೆಯದು. ಕುಳಿತಾಗ ಕಣ್ಣು ನೋಡಿ: ಮೊದಲನೆಯದಕ್ಕೆ ತಿಳಿ ಬಣ್ಣದ ಕಣ್ಣು, ಎರಡನೆಯದಕ್ಕೆ ಕಡು ಬಣ್ಣದ್ದು. ಇವೆರಡರ ನಡುವೆ ಹದ್ದಿನ ಗಾತ್ರದ, ದಪ್ಪ ಹಳದಿ ಕೊಕ್ಕಿನ ಹಕ್ಕಿ ನಿಂತಿದ್ದರೆ ಅದು ಪಲ್ಲಾಸ್ ಕಡಲಕ್ಕಿ.

ರೀವಗಳು (ಸುರಯ) ಕಡಲಕ್ಕಿಗಳ ಬಂಧುಗಳು. ಮೈ ತೆಳು, ರೆಕ್ಕೆ ಚೂಪು, ನೀರಿನ ಮೇಲೆ ಸುಳಿದು ಧುಮುಕುವ ಚಾಳಿ. ಹಳದಿ ಕೊಕ್ಕು, ಕಪ್ಪು ನೆತ್ತಿ, ಕವಲು ಬಾಲ ಇರುವ ಹೊಳೆ ರೀವ ವಲಸೆ ಹಕ್ಕಿಯಲ್ಲ, ನಮ್ಮ ನದಿಯದೇ. ಜಗತ್ತಿನ ಅಪಾಯದ ಪಟ್ಟಿಯಲ್ಲಿ ಇದು ಈಗ 'ಅಳಿವಿನ ಭೀತಿ ಇರುವ' ಜಾತಿಗಳ ಸಾಲಿಗೆ ಸೇರಿದೆ.

ಯಾವ ತಿಂಗಳಲ್ಲಿ ಏನು?

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗೊರವಗಳು ಬರುತ್ತಿರುತ್ತವೆ. ಆಗ ಜಲಾಶಯ ತುಂಬಿರುವುದರಿಂದ ಅವು ಹೊಲದ ನೀರಿನ ಮಡು, ಸಣ್ಣ ಕೆರೆಗಳಲ್ಲಿ ಚೆದುರಿರುತ್ತವೆ. ನವೆಂಬರ್, ಡಿಸೆಂಬರ್‌ನಲ್ಲಿ ಬಾತುಗಳು, ಕಡಲಕ್ಕಿಗಳು, ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಸೇರುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ಕೆಸರು ತೆರೆದಂತೆಲ್ಲ ಸಂಖ್ಯೆ ಏರುತ್ತದೆ. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ವಲಸೆ ಹಕ್ಕಿಗಳು ಹೊರಡುವ ಮುಂಚೆ ಹೊಟ್ಟೆ ತುಂಬ ತಿಂದು ಕೊಬ್ಬು ಕಟ್ಟಿಕೊಳ್ಳುತ್ತವೆ. ದಾರಿಯ ಬುತ್ತಿ ಎಂದರೆ ಅದೇ. ಈ ಮೂರು ನಾಲ್ಕು ವಾರಗಳಲ್ಲಿ ದಂಡೆಯಿಂದ ಪದೇ ಪದೇ ಎಬ್ಬಿಸಿದರೆ ಬುತ್ತಿ ಅರ್ಧವಾಗುತ್ತದೆ.

ಮಳೆ ಹೆಚ್ಚಾಗಿ ಜಲಾಶಯ ಬಹಳ ದಿನ ತುಂಬಿಯೇ ಇದ್ದ ವರ್ಷ ಕೆಸರು ತಡವಾಗಿ ತೆರೆಯುತ್ತದೆ. ಬರದ ವರ್ಷ ನೀರು ಬೇಗನೆ ಓಡಿಹೋಗಿ ಬಾಲದ ಭಾಗ ಒಣಗಿಬಿಡುತ್ತದೆ. ಎರಡೂ ಅತಿಯೇ. ನಿಧಾನವಾಗಿ, ದಿನಕ್ಕಿಷ್ಟು ಎಂದು ಇಳಿಯುವ ನೀರು ಹಕ್ಕಿಗೆ ಒಳ್ಳೆಯದು.

ಬೇಸಿಗೆಯ ಗೂಡುಗಳು, ಬೇಸಿಗೆಯ ಯಂತ್ರಗಳು

ವಲಸೆ ಹಕ್ಕಿ ಹೋದ ಮೇಲೆ ಕೆರೆ ಅಂಗಳ ಖಾಲಿ ಎಂದು ತಿಳಿಯುವುದು ತಪ್ಪು. ಮಾರ್ಚ್‌ನಿಂದ ಮೇ ತನಕ ಸ್ಥಳೀಯ ಹಕ್ಕಿಗಳ ಬಾಣಂತನ ನಡೆಯುವುದು ಅಲ್ಲೇ. ಸಣ್ಣ ಉಂಗುರ ಪ್ಲೋವರ್, ಟಿಟ್ಟಿಭ, ಹೊಳೆ ರೀವ, ಮರಾಠಿಯಲ್ಲಿ 'ಆರ್ಲಿ' ಎನ್ನುವ ಸಣ್ಣ ಚಿಟವ ಇವೆಲ್ಲ ಬರಿ ನೆಲದಲ್ಲಿ, ಮರಳು ದಿಬ್ಬದಲ್ಲಿ ಮೊಟ್ಟೆ ಇಡುತ್ತವೆ. ಮೆಟ್ಟುಗಾಲು ಹಕ್ಕಿಯೂ ನೀರಿನ ಅಂಚಿನಲ್ಲೇ ಗೂಡು ಮಾಡುತ್ತದೆ. ಕಡ್ಡಿ ಕಟ್ಟಿದ ಗೂಡಲ್ಲ, ಅಂಗೈಯಷ್ಟು ತಗ್ಗು ಮಾತ್ರ. ಮೊಟ್ಟೆಯ ಬಣ್ಣ ಮಣ್ಣಿನದೇ. ಒಂದಡಿ ದೂರದಲ್ಲಿ ನಿಂತರೂ ಕಾಣುವುದಿಲ್ಲ.

ಇದೇ ತಿಂಗಳುಗಳಲ್ಲಿ ಕೆರೆಗೆ ಯಂತ್ರ ಇಳಿಯುತ್ತದೆ. ಮಹಾರಾಷ್ಟ್ರ ಸರಕಾರ 2017ರಲ್ಲಿ ಆರಂಭಿಸಿದ 'ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ' ಯೋಜನೆಯಲ್ಲಿ ಕೆರೆಯ ಹೂಳು ತೆಗೆದು ಹೊಲಕ್ಕೆ ಹಾಕುತ್ತಾರೆ. ಕೆರೆಯಲ್ಲಿ ನೀರು ಹೆಚ್ಚು ನಿಲ್ಲುತ್ತದೆ, ಹೊಲಕ್ಕೆ ಫಲವತ್ತಾದ ಮಣ್ಣು ಸಿಗುತ್ತದೆ. ಬರ ಉಂಡ ನಾಡಿನಲ್ಲಿ ಇದು ಬೇಡ ಎನ್ನುವವರು ಯಾರು? ನೀರು ಸರಿದ ನೆಲದಲ್ಲಿ ಬಿತ್ತುವ 'ಗಾಳಪೇರ'ವೂ ಬಡವರ ಹೊಟ್ಟೆಪಾಡು. ಪ್ರಶ್ನೆ ಇರುವುದು ಹೂಳು ತೆಗೆಯಬೇಕೆ ಎಂಬುದಲ್ಲ, ಹೇಗೆ ತೆಗೆಯಬೇಕು ಎಂಬುದು.

ದಂಡೆಗೆ ಹತ್ತಿರವಿದ್ದರೆ ಟ್ರ್ಯಾಕ್ಟರಿಗೆ ಡೀಸೆಲ್ ಉಳಿಯುತ್ತದೆ. ಹಾಗಾಗಿ ಅಂಚಿನಲ್ಲೇ ಕಡಿದಾದ ಗುಂಡಿ ತೋಡುವ ರೂಢಿ ಬಿದ್ದಿದೆ. ಮೇಲೆ ಹೇಳಿದ ಇಳಿಜಾರಿನ ಲೆಕ್ಕ ಇಲ್ಲಿ ನೆನಪಿರಲಿ. ಅಂಥ ಗುಂಡಿಯಲ್ಲಿ ದನ ನೀರಿಗೆ ಇಳಿಯಲಾಗದು, ಈಜು ಬಾರದ ಮಕ್ಕಳಿಗೆ ಅಪಾಯ, ಹಕ್ಕಿಗೆ ಊಟವಿಲ್ಲ. ಊರವರು ಮನಸ್ಸು ಮಾಡಿದರೆ ನಾಲ್ಕು ಕೆಲಸ ಸಾಧ್ಯ:

1. ಹೂಳನ್ನು ಕೆರೆಯ ನಡುವಿನ ಆಳದ ಭಾಗದಿಂದ ತೆಗೆಯುವುದು. ನೀರು ಒಳಬರುವ ಕಡೆಯ ಇಳಿಜಾರಿನ ದಂಡೆಯನ್ನು ಹಾಗೆಯೇ ಬಿಡುವುದು.

2. ಗುಂಡಿ ತೋಡಲೇಬೇಕಾದರೆ ಕನಿಷ್ಠ ಒಂದು ಬದಿಯನ್ನು ಓರೆಯಾಗಿ ಇಳಿಸುವುದು. ದನಕ್ಕೂ ಅದೇ ದಾರಿ.

3. ಯಂತ್ರ ಇಳಿಯುವ ಹಿಂದಿನ ದಿನ ಒಬ್ಬರು ನಡೆದು ನೋಡುವುದು. ಟಿಟ್ಟಿಭ ತಲೆಯ ಮೇಲೆ ಕಿರುಚುತ್ತ ಸುತ್ತಿದರೆ, ಪ್ಲೋವರ್ ರೆಕ್ಕೆ ಮುರಿದಂತೆ ನಟಿಸುತ್ತ ಕುಂಟಿದರೆ, ಹತ್ತಿರದಲ್ಲಿ ಗೂಡಿದೆ ಎಂದೇ ಅರ್ಥ. ಕಲ್ಲಿಟ್ಟು ಗುರುತು ಮಾಡಿ ಮೂರು ನಾಲ್ಕು ವಾರ ಆ ತುಂಡು ನೆಲ ಬಿಟ್ಟರೆ ಮರಿ ಎದ್ದು ನಡೆಯುತ್ತದೆ.

4. ಹರಿದ ನೈಲಾನ್ ಬಲೆಯನ್ನು ದಂಡೆಯಲ್ಲಿ ಬಿಸಾಡದಿರುವುದು. ಸಣ್ಣ ಗೊರವದ ಕಾಲು ಅದರಲ್ಲಿ ಸಿಕ್ಕಿದರೆ ಬಿಡಿಸಿಕೊಳ್ಳಲಾರದು.

ನದಿಯ ಪಾತ್ರದಲ್ಲೂ ಇಂಥದೇ ತೊಡಕು ಇದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಅಣೆಕಟ್ಟಿನಿಂದ ಒಮ್ಮೆಲೆ ನೀರು ಬಿಟ್ಟಾಗ ಕೆಳಗಿನ ಮರಳು ದಿಬ್ಬದ ಮೊಟ್ಟೆಗಳು ಮುಳುಗುತ್ತವೆ. ಜನರಿಗೆ ನೀರು ಬೇಕೇ ಬೇಕು. ಆದರೆ ಮರಳೆತ್ತದೆ ಎತ್ತರದ ದಿಬ್ಬ ಉಳಿದಿದ್ದರೆ ಹಕ್ಕಿಗೂ ಒಂದು ಆಸರೆ ಇರುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಹಕ್ಕಿಗಳನ್ನು ಹಿಡಿಯುವುದು, ಕೊಲ್ಲುವುದು, ಮೊಟ್ಟೆ ತೆಗೆಯುವುದು ಅಪರಾಧ ಎಂಬುದೂ ತಿಳಿದಿರಲಿ.

ನೋಡುವ ಕ್ರಮ

ಬೆಳಗ್ಗೆ ಸೂರ್ಯ ಹುಟ್ಟಿದ ಮೇಲೆ ಎರಡು ತಾಸು, ಸಂಜೆ ಮುಳುಗುವ ಮುಂಚಿನ ಎರಡು ತಾಸು ಒಳ್ಳೆಯದು. ಮಧ್ಯಾಹ್ನ ಕಾವಿಗೆ ಗಾಳಿ ನಡುಗಿ ದೂರದ ಹಕ್ಕಿ ಕಲಸಿದಂತೆ ಕಾಣುತ್ತದೆ. ಸೂರ್ಯ ಬೆನ್ನ ಹಿಂದೆ ಇರುವಂತೆ ನಿಲ್ಲಬೇಕು. ಎಂಟು ಅಥವಾ ಹತ್ತು ಪಟ್ಟಿನ ದುರ್ಬೀನು ಸಾಕು. ಮಣ್ಣಿನ ಬಣ್ಣದ ಬಟ್ಟೆ ಇರಲಿ. ಹಕ್ಕಿಗಳು ಮೇಯುವುದನ್ನು ನಿಲ್ಲಿಸಿ ಕತ್ತು ಎತ್ತಿದವೆಂದರೆ ತೀರ ಹತ್ತಿರ ಬಂದಿದ್ದೀರಿ ಎಂದರ್ಥ. ಅಲ್ಲೇ ನಿಲ್ಲಿ, ಇಲ್ಲವೇ ಎರಡು ಹೆಜ್ಜೆ ಹಿಂದೆ ಸರಿಯಿರಿ. ದೋಣಿಯಲ್ಲಿ ಹೋದರೆ ಫೋಟೊಕ್ಕಾಗಿ ಗುಂಪನ್ನು ಹಾರಿಸಲು ದೋಣಿಯವರಿಗೆ ಹೇಳಬೇಡಿ. ಕಡಲಕ್ಕಿಗೆ ಸೇವು, ಗಾಠಿ ಎಸೆಯಬೇಡಿ. ಒಣಗಿದಂತೆ ಕಾಣುವ ಕೆಸರಿನ ಮೇಲೆ ಒಬ್ಬರೇ ಇಳಿಯಬೇಡಿ, ಮೇಲಿನ ಪದರದ ಕೆಳಗೆ ಸೊಂಟದವರೆಗೆ ಹೂಳು ಇರಬಹುದು.

ಕಾಲಿಗೆ ಬಳೆ ಅಥವಾ ಬಣ್ಣದ ಪಟ್ಟಿ ಇರುವ ಹಕ್ಕಿ ಕಂಡರೆ ಬಣ್ಣ, ಯಾವ ಕಾಲು, ಅಕ್ಷರ, ದಿನಾಂಕ, ಊರು ಬರೆದುಕೊಂಡು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬಹುದು. 1883ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಹಕ್ಕಿಗಳಿಗೆ ಬಳೆ ತೊಡಿಸಿ ವಲಸೆಯ ದಾರಿ ಅಭ್ಯಾಸ ಮಾಡುತ್ತದೆ. ಪ್ರತಿ ವರ್ಷ ಜನವರಿಯಲ್ಲಿ ಏಷ್ಯಾದ ಜಲಪಕ್ಷಿ ಗಣತಿ ನಡೆಯುತ್ತದೆ. 1987ರಿಂದ ನಡೆದುಬಂದ ಈ ಗಣತಿಯಲ್ಲಿ ಹವ್ಯಾಸಿಗಳೂ ಎಣಿಸುತ್ತಾರೆ. ಊರಿನ ಸಣ್ಣ ಕೆರೆಯ ಲೆಕ್ಕಕ್ಕೂ ಅಲ್ಲಿ ಬೆಲೆಯಿದೆ.

ಹೋಗುವುದು ಎಲ್ಲಿಗೆ?

ಭಿಗವಣ ಸೊಲ್ಲಾಪುರದಿಂದ ಪುಣೆ ಹೆದ್ದಾರಿಯಲ್ಲಿ ಸುಮಾರು 150 ಕಿಲೋಮೀಟರ್. ಸೊಲ್ಲಾಪುರ–ಪುಣೆ ರೈಲು ಮಾರ್ಗದಲ್ಲಿ ಭಿಗವಣ ನಿಲ್ದಾಣವೂ ಇದೆ. ಕುಂಭಾರಗಾವದಲ್ಲಿ ಮೀನುಗಾರ ಕುಟುಂಬದವರೇ ದೋಣಿಯಲ್ಲಿ ಕರೆದೊಯ್ದು ಹಕ್ಕಿ ತೋರಿಸುತ್ತಾರೆ. ಅಷ್ಟು ದೂರ ಬೇಡವೆಂದರೆ ಸೊಲ್ಲಾಪುರದ ಬಗಲಿಗೆ ಹಿಪ್ಪರಗಾ ಕೆರೆ (ಏಕರೂಖ ತಲಾವ), ಅಕ್ಕಲಕೋಟೆಯವರಿಗೆ ಬೋರಿ ನದಿಯ ಕುರನೂರು ಜಲಾಶಯ, ಜತ್ತದವರಿಗೆ ಸಂಖ ಕೆರೆ ಇವೆ. ಗಡಿಯಾಚೆ ಕರ್ನಾಟಕದಲ್ಲಿ ಆಲಮಟ್ಟಿ ಹಿನ್ನೀರು, ಗದಗ ಜಿಲ್ಲೆಯ ಮಾಗಡಿ ಕೆರೆ ಹೆಸರಾದ ತಾಣಗಳು. ಮಾಗಡಿ ಕೆರೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವೆಂಬ ಮಾನ್ಯತೆ ಸಿಕ್ಕಿದೆ.

ಹಕ್ಕಿಗೆ ಮಹಾರಾಷ್ಟ್ರವೂ ಒಂದೇ, ಕರ್ನಾಟಕವೂ ಒಂದೇ. ಅದು ನೋಡುವುದು ದಂಡೆಯ ಇಳಿಜಾರು, ಕೆಸರಿನ ಹಸಿ. ಈ ಬೇಸಿಗೆ ಊರ ಕೆರೆಗೆ ಹೂಳೆತ್ತುವ ಯಂತ್ರ ಬಂದಾಗ, ಎಲ್ಲಿಂದ ತೋಡಬೇಕು ಎಂದು ಗ್ರಾಮ ಪಂಚಾಯತಿಯಲ್ಲಿ ಒಬ್ಬರು ಎದ್ದು ಕೇಳಿದರೂ ಸಾಕು. ಮುಂದಿನ ಜನವರಿಯಲ್ಲಿ 25 ಗ್ರಾಮಿನ ಆ ಅತಿಥಿಗೆ ಇಳಿಯಲು ಒಂದು ದಂಡೆ ಉಳಿದಿರುತ್ತದೆ.